ಜಗಲಿಯ ಮಾತು: ಕಲ್ಲು ಹುಲಿಯಾಗುವ ಬಗೆ

ವೈಶಾಖವು ಬಂದಿತೆಂದರೆ ನಮ್ಮ ಹೊಳನಗದ್ದೆಯ ಮನೆಗಳಲ್ಲಿ ಎರಡು ಕಾರ್ಯಗಳು ತಪ್ಪದೆ ನಡೆಯುವವು. ಮಳೆಗಾಲಕ್ಕೆ ಮುಂಚಿತವಾಗಿ ಅಟ್ಟವನ್ನು ಬರಿದುಮಾಡಿ ಗುಡಿಸುವದು ಒಂದು. ಪರಸ್ಥಳದಲ್ಲಿರುವ ಮಕ್ಕಳು ಮೊಮ್ಮಕ್ಕಳು ರಜೆಗೆ ಬಂದು ಸೇರುವದು ಇನ್ನೊಂದು. ಈ ವರ್ಷ ಇವೆರಡೂ ಒಂದೇ ದಿವಸ ಕೂಡಿ ಬಂದ ಕಾರಣ, ಅಟ್ಟದ ಮೇಲಿನ ಹಳೆಯ ಸಾಮಾನುಗಳೆಲ್ಲವೂ ಒಂಬತ್ತು ವರುಷದ ನಮ್ಮ ಮೊಮ್ಮಗಳ ತನಿಖೆಗೆ ಒಳಗಾದವು. ತಳ ಹೋದ ಕೊಡಪಾನ, ಕಾಲು ಮುರಿದ ಮಣೆ, ನಾವು ಬಾಲ್ಯದಲ್ಲಿ ಓದಿದ ಅಮರಕೋಶದ ಗೆದ್ದಲು ತಿಂದ ಪ್ರತಿ, ಇವುಗಳ ನಡುವಿನಿಂದ ಅವಳು ಗೋಣಿಯ ಗಂಟೊಂದನ್ನು ಎಳೆದು ತಂದಳು. ಬಿಚ್ಚಿ ನೋಡಲಾಗಿ ಟೀವಿಗೆ ಜೋಡಿಸಿ ಆಡುವ ವಿಡಿಯೋ ಗೇಮಿನ ಯಂತ್ರ, ಅದರ ಎರಡು ಹಿಡಿಕೆಗಳು, ಹಳದಿ ಬಣ್ಣದ ಒಂದು ಕ್ಯಾಸೆಟ್ಟು. "ಅಜ್ಜಾ, ಇದು ಯಾರದು?" ಎಂದು ಅವಳು ಕೇಳಿದಳು. ಉತ್ತರ ಕೊಡುವದಕ್ಕೆ ನಾವು ಸ್ವಲ್ಪ ತಡೆದೆವು. ಯಾಕಂದರೆ ೨೦೦೧ನೆಯ ಇಸವಿಯಲ್ಲಿ ಆ ಗಂಟನ್ನು ಕಟ್ಟಿ ಅಟ್ಟಕ್ಕೆ ಎಸೆದವರು ನಾವೇ. ಅದೂ ಸಿಟ್ಟಿನ ಭರದಲ್ಲಿ.

ಸುಭಾಷಿತ, ಋತುಚರ್ಯೆ, ಮಕ್ಕಳ ವಿದ್ಯಾಭ್ಯಾಸ ಇವುಗಳನ್ನು ಕುರಿತು ಈ ಪುಟದಲ್ಲಿ ಬರೆಯುತ್ತ ಬಂದ ನಿವೃತ್ತ ಪಂತೋಜಿಗೆ ಆಟದ ಯಂತ್ರದ ಗೊಡವೆ ಏಕೆಂದು ವಾಚಕರು ಕೇಳಬಹುದು. ಕೇಳುವದು ನ್ಯಾಯವೇ. ಆದರೆ ಆ ಯಂತ್ರದ ಮುಂದೆ ಕುಳಿತ ಹುಡುಗನು ಏನನ್ನು ಕಾಣುತ್ತಿದ್ದನು ಎಂಬ ಪ್ರಶ್ನೆಯು ಈ ಒಂದು ತಿಂಗಳಿಂದ ನಮ್ಮನ್ನು ಬಿಡಲೊಲ್ಲದು. ಅದು ಆಟದ ಪ್ರಶ್ನೆಯಾಗಿ ತೋರಿದರೂ ನಾವು ಗುರುಗಳ ಎದುರು ಕುಳಿತು ಓದಿದ ಅಲಂಕಾರಶಾಸ್ತ್ರದ ಪ್ರಶ್ನೆಯೇ ಆಗಿದೆ. ಮನೆಯ ಮಕ್ಕಳನ್ನು ಹೇಗೆ ತಿಳಿದುಕೊಳ್ಳಬೇಕೆಂಬ ಪ್ರಶ್ನೆಯೂ ಆಗಿದೆ. ಆದ ಕಾರಣ ಇಂದಿನ ಮಾತು ಇದೇ.

ಮೊದಲು ನಮ್ಮ ಕಾಲದ ಆಟವೊಂದನ್ನು ನೆನೆಯೋಣ. ದೇವಾಲಯದ ಕಟ್ಟೆಯ ಕಲ್ಲಿನ ಮೇಲೆ ಗೆರೆ ಕೊರೆದು ಹುಲಿ ಕುರಿಯ ಆಟ ಆಡದ ಹುಡುಗರು ನಮ್ಮ ಬಾಲ್ಯದಲ್ಲಿ ಇರಲಿಲ್ಲ. ಮೂರು ದೊಡ್ಡ ಕಲ್ಲುಗಳು ಹುಲಿಗಳು. ಹದಿನೈದು ಚಿಕ್ಕ ಹರಳುಗಳು ಕುರಿಗಳು. ಆ ಕಲ್ಲಿಗೆ ಪಟ್ಟೆಯಿಲ್ಲ, ಬಾಲವಿಲ್ಲ, ಗರ್ಜನೆಯಿಲ್ಲ. ಆದರೂ ಅದು ಸಾಲು ಹಾರಿ ಕುರಿಯನ್ನು ಎತ್ತಿದಾಗ ಎದುರಾಳಿಯ ಎದೆ ಧಸ್ಸೆನ್ನುತ್ತಿದ್ದುದು ಸುಳ್ಳಲ್ಲ. ಕಲ್ಲು ಹುಲಿಯಾದುದು ರೂಪದಿಂದಲ್ಲ, ನಡತೆಯಿಂದ. ಹುಲಿ ಒಂಟಿಯಾಗಿ ಹೊಂಚುವದು, ಹಾರುವದು, ಕುರಿಗಳು ಒತ್ತಾಗಿ ನಿಂತರೆ ಕಕ್ಕಾಬಿಕ್ಕಿಯಾಗುವದು. ಈ ನಡತೆಯನ್ನು ಆಟದ ಕಟ್ಟಳೆಯು ಕಲ್ಲಿಗೆ ಕೊಟ್ಟಿತು. ಉಳಿದ ಪಟ್ಟೆ, ಬಾಲ, ಗರ್ಜನೆಗಳನ್ನು ಆಡುವವನ ಮನಸ್ಸು ಕೊಟ್ಟಿತು. ಈ ಎರಡು ದಾನಗಳು ಕೂಡಿದಲ್ಲಿ ಆಟವು ಹುಟ್ಟುವದು. ಇದನ್ನು ವಾಚಕರು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಮುಂದಿನ ಮಾತೆಲ್ಲವೂ ಇದರ ವಿಸ್ತಾರವೇ.

ಇನ್ನು ಆ ಯಂತ್ರಗಳ ವಿಷಯ. ೧೯೭೨ರಲ್ಲಿ ಅಮೇರಿಕೆಯ ಅಟಾರಿ ಸಂಸ್ಥೆಯವರು ಪಾಂಗ್ ಎಂಬ ಆಟವನ್ನು ಹೊರತಂದರು. ಎರಡು ಗೆರೆಗಳು, ನಡುವೆ ಒಂದು ಬಿಳಿಯ ಚುಕ್ಕೆ, ಇಷ್ಟೇ. ಆದರೂ ಜನರು ಅದರಲ್ಲಿ ಟೇಬಲ್ ಟೆನಿಸ್ಸನ್ನು ಕಂಡರು. ೧೯೭೮ರಲ್ಲಿ ಜಪಾನಿನ ತೊಮೊಹಿರೊ ನಿಶಿಕಾಡೊ ಎಂಬವರು ಸ್ಪೇಸ್ ಇನ್ವೇಡರ್ಸ್ ಎಂಬದನ್ನು ರಚಿಸಿದರು. ಆಕಾಶದಿಂದ ಶತ್ರುಗಳ ಸಾಲು ಇಳಿಯುತ್ತ ಬರುವದು. ಅವರು ಕಡಿಮೆಯಾದಂತೆ ಉಳಿದವರು ವೇಗವಾಗಿ ನುಗ್ಗುವರು. ಇದರ ನಿಜವಾದ ಕಾರಣವು ವಿನೋದಕರವಾಗಿದೆ. ಅಷ್ಟೊಂದು ಚಿತ್ರಗಳನ್ನು ಒಮ್ಮೆಲೆ ಬರೆಯುವ ಶಕ್ತಿ ಅಂದಿನ ಯಂತ್ರಕ್ಕೆ ಇರಲಿಲ್ಲ. ಚಿತ್ರಗಳು ಅಳಿದಂತೆ ಅದರ ಹೊರೆ ಹಗುರಾಗಿ ಉಳಿದವು ತಾವಾಗಿಯೇ ವೇಗ ಪಡೆಯುತ್ತಿದ್ದವು. ಯಂತ್ರದ ಏದುಸಿರು ಕಡಿಮೆಯಾದುದನ್ನು ಆಡುವವನು ಶತ್ರುವಿನ ರೋಷವೆಂದು ತಿಳಿದನು! ೧೯೮೦ರ ಪ್ಯಾಕ್‌ಮ್ಯಾನ್ ಆಟದಲ್ಲಿ ನಾಲ್ಕು ಭೂತಗಳು. ಬಣ್ಣವನ್ನು ಬಿಟ್ಟರೆ ರೂಪವು ನಾಲ್ಕಕ್ಕೂ ಒಂದೇ. ಆದರೆ ಒಂದು ಬೆನ್ನಟ್ಟಿ ಬರುವದು, ಇನ್ನೊಂದು ಮುಂದಿನ ದಾರಿಯನ್ನು ಕಟ್ಟುವದು. ಆಡುವವರು ಅವಕ್ಕೆ ಸ್ವಭಾವಗಳನ್ನೇ ಕಲ್ಪಿಸಿಕೊಂಡರು. ನಮ್ಮ ಕಲ್ಲಿನ ಹುಲಿಗೂ ಇದಕ್ಕೂ ಏನು ಭೇದ?

ಅಂದಿನ ಯಂತ್ರಗಳ ದಾರಿದ್ರ್ಯವು ಎಷ್ಟಿತ್ತೆಂಬದನ್ನು ಇಂದಿನ ಮಕ್ಕಳು ನಂಬಲಾರರು. ಅಟಾರಿಯವರ ೨೬೦೦ ಎಂಬ ಯಂತ್ರದ ಕೆಲಸದ ಜ್ಞಾಪಕಶಕ್ತಿಯು ೧೨೮ ಬೈಟುಗಳು ಮಾತ್ರ. ಎಂದರೆ ಈ ಪುಟದ ಎರಡು ಮೂರು ಸಾಲುಗಳನ್ನು ಹಿಡಿಯುವದಕ್ಕೂ ಸಾಲದಷ್ಟು. ಅದಕ್ಕಾಗಿ ವಾರನ್ ರಾಬಿನೆಟ್ ಎಂಬವರು ರಚಿಸಿದ ಅಡ್ವೆಂಚರ್ ಎಂಬ ಆಟದಲ್ಲಿ ಕಥಾನಾಯಕನೆಂದರೆ ಒಂದು ಚೌಕ. ಕೈಕಾಲುಗಳಿಲ್ಲ, ಮುಖವಿಲ್ಲ, ಬರಿಯ ಚೌಕ. ಅವನು ಕಾದಬೇಕಾದ ಘಟಸರ್ಪಗಳು ನೋಡುವದಕ್ಕೆ ಬಾತುಕೋಳಿಗಳಂತಿದ್ದವು. ಆದರೆ ಆಟವು ಬರುತ್ತಿದ್ದ ಡಬ್ಬಿಯ ಮೇಲೆ ಒಳ್ಳೆಯ ಚಿತ್ರಗಾರನು ಬಣ್ಣದಲ್ಲಿ ಬರೆದ ಚಿತ್ರವಿರುತ್ತಿತ್ತು. ಮಕ್ಕಳು ಮೊದಲು ಅದನ್ನು ಕಣ್ಣುತುಂಬ ನೋಡಿ, ಆ ನೋಟವನ್ನು ಮನಸ್ಸಿನಲ್ಲಿ ಹೊತ್ತುಕೊಂಡು ಹೋಗಿ ಚೌಕದ ಮೇಲೆ ಹೊದಿಸುತ್ತಿದ್ದರು.

೧೯೮೧ರಲ್ಲಿ ಜಪಾನಿನ ನಿಂಟೆಂಡೊ ಸಂಸ್ಥೆಯ ಶಿಗೆರು ಮಿಯಾಮೊಟೊ ಎಂಬವರು ಡಾಂಕಿ ಕಾಂಗ್ ಎಂಬ ಆಟಕ್ಕಾಗಿ ಒಬ್ಬ ಕುಳ್ಳ ನಾಯಕನನ್ನು ಕಲ್ಪಿಸಿದರು. ಮುಂದೆ ಮಾರಿಯೋ ಎಂದು ಲೋಕವಿಖ್ಯಾತನಾದವನು ಇವನೇ. ಅವನಿಗೆ ದೊಡ್ಡ ಮೀಸೆಯೇಕೆ? ಕೆಲವೇ ಚುಕ್ಕೆಗಳಲ್ಲಿ ಬಾಯನ್ನು ಬರೆಯಲಿಕ್ಕಾಗಲಿಲ್ಲ. ತಲೆಗೆ ಟೊಪ್ಪಿಗೆಯೇಕೆ? ಕೂದಲು ಬರೆಯುವದು ಕಷ್ಟವಾಯಿತು. ೧೯೮೫ರ ಸೂಪರ್ ಮಾರಿಯೋ ಬ್ರದರ್ಸ್ ಎಂಬ ಆಟವೆಲ್ಲ ಸೇರಿ ಸುಮಾರು ೪೦ ಕಿಲೋಬೈಟು. ಇಂದು ಮೊಬೈಲಿನಲ್ಲಿ ತೆಗೆದ ಒಂದು ಫೋಟೋ ಇದರ ಹತ್ತಾರು ಪಾಲು ಇರುವದು. ಅಲ್ಲಿ ಆಕಾಶದ ಮೋಡಕ್ಕೂ ನೆಲದ ಪೊದೆಗೂ ಒಂದೇ ಚಿತ್ರ. ಬಿಳಿದಾಗಿ ಮೇಲಿದ್ದರೆ ಮೋಡ, ಹಸುರಾಗಿ ಕೆಳಗಿದ್ದರೆ ಪೊದೆ. ಲಕ್ಷಾಂತರ ಮಕ್ಕಳು ವರ್ಷಾನುಗಟ್ಟಲೆ ಆಡಿದರೂ ಇದು ಅವರ ಕಣ್ಣಿಗೆ ಬೀಳಲಿಲ್ಲ. ಕಣ್ಣು ಕಂಡದ್ದು ಒಂದೇ ಆಕೃತಿ. ಮನಸ್ಸು ಕಂಡದ್ದು ಎರಡು ವಸ್ತು.

ನಮ್ಮ ವಾಚಕಿಯರಿಗೆ ಇದು ಹೊಸ ಮಾತಲ್ಲ. ಧಾರವಾಡದ ಕಡೆಯ ಕಸೂತಿಯನ್ನು ನೋಡಿರಿ. ಬಟ್ಟೆಯ ಎಳೆಗಳನ್ನು ಎಣಿಸಿ ಅಡ್ಡ, ಉದ್ದ, ಓರೆಯಾಗಿ ಹಾಕಿದ ನೇರ ಹೊಲಿಗೆಗಳಿಂದಲೇ ಗೋಪುರ, ತೇರು, ಆನೆ, ತುಳಸಿಕಟ್ಟೆ ಮೂಡುವವು. ಆನೆಯ ಸೊಂಡಿಲು ಮೆಟ್ಟಿಲು ಮೆಟ್ಟಿಲಾಗಿ ಇಳಿದಿದ್ದರೂ ಯಾವ ತಾಯಿಯೂ "ಇದು ಆನೆಯಲ್ಲ" ಎಂದು ಸೀರೆಯನ್ನು ತಿರುಗಿ ಕೊಟ್ಟುದಿಲ್ಲ. ೧೯೮೪ರಲ್ಲಿ ಮಾಸ್ಕೋ ನಗರದಲ್ಲಿ ಅಲೆಕ್ಸೆಯ್ ಪಾಜಿಟ್ನೋವ್ ಎಂಬವರು ಟೆಟ್ರಿಸ್ ಆಟವನ್ನು ರಚಿಸಿದಾಗ ಅವರ ಯಂತ್ರಕ್ಕೆ ಚಿತ್ರ ಬರೆಯುವ ಶಕ್ತಿಯೇ ಇರಲಿಲ್ಲ. ಆವರಣ ಚಿಹ್ನೆಗಳನ್ನು ಜೋಡಿಸಿ ಇಟ್ಟಿಗೆಗಳನ್ನು ಮಾಡಿದರು. ೧೯೯೭ರಲ್ಲಿ ನೋಕಿಯಾ ಫೋನಿನೊಳಗೆ ಬಂದ ಹಾವಿನ ಆಟವನ್ನು ನಮ್ಮ ವಾಚಕರಲ್ಲಿ ಅನೇಕರು ಬಸ್ಸು ಕಾಯುತ್ತ ಆಡಿರಬಹುದು. ಅದು ಹಾವೇ? ಕಪ್ಪು ಚುಕ್ಕೆಗಳ ಸರಪಳಿ. ಆದರೆ ತನ್ನ ಬಾಲವನ್ನು ತಾನೇ ಕಚ್ಚುವ ಕ್ಷಣದಲ್ಲಿ ಅದು ಹಾವೇ ಆಗಿತ್ತು.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗೋಣ. ಚುಕ್ಕೆಯೂ ಇಲ್ಲದ ಆಟಗಳಿದ್ದವು. ಅಮೇರಿಕೆಯ ಕೆಂಟಕಿ ಪ್ರಾಂತದಲ್ಲಿ ಮ್ಯಾಮತ್ ಎಂಬ ಮಹಾಗುಹೆಗಳ ಸಮೂಹವಿದೆ. ಅವುಗಳೊಳಗೆ ಇಳಿದು ಅಳೆದು ನಕಾಶೆ ಬರೆಯುವ ಹವ್ಯಾಸವಿದ್ದ ವಿಲ್ ಕ್ರೌದರ್ ಎಂಬ ಗಣಕಯಂತ್ರಜ್ಞರು, ಹೆಂಡತಿಯಿಂದ ಬೇರೆಯಾದ ಮೇಲೆ ತಮ್ಮ ಹೆಣ್ಣುಮಕ್ಕಳಿಗೆ ಮುದವಾಗಲೆಂದು ೧೯೭೬ರ ಸುಮಾರಿಗೆ ಒಂದು ಆಟವನ್ನು ರಚಿಸಿದರು. ಮರುವರ್ಷ ಡಾನ್ ವುಡ್ಸ್ ಎಂಬವರು ಅದನ್ನು ಬೆಳೆಯಿಸಿದರು. ಅದರಲ್ಲಿ ಚಿತ್ರವೇ ಇಲ್ಲ, ಬರಿಯ ವಾಕ್ಯಗಳು. ನೀನು ಇಂಥಲ್ಲಿ ನಿಂತಿರುವಿ, ಎದುರಿಗೆ ಇಂಥದಿದೆ ಎಂದು ಯಂತ್ರವು ಬರೆದು ತಿಳಿಸುವದು; ಉತ್ತರಕ್ಕೆ ಹೋಗು, ದೀಪ ಹಿಡಿ ಎಂದು ಆಡುವವನು ಬರೆಯುವದು. ಕತ್ತಲೆಯನ್ನೂ ಗುಹೆಯನ್ನೂ ಅವನೇ ಕಟ್ಟಿಕೊಳ್ಳಬೇಕು. ತಂದೆಯೊಬ್ಬನು ತಾನು ಕಂಡ ಗುಹೆಯನ್ನು ಬರಿಯ ಮಾತಿನಿಂದ ಮಕ್ಕಳ ಕೈಗೆ ಕೊಟ್ಟನು ಎಂಬ ಈ ಸಂಗತಿಯನ್ನು ಓದಿದಾಗ ನಮಗೆ ಮನಸ್ಸಿನಲ್ಲಿ ಏನೋ ಚುಚ್ಚಿದಂತಾಯಿತು. ಅದರ ಕಾರಣವು ಮುಂದೆ ತಿಳಿಯುವದು.

ನಮ್ಮ ಜಿಲ್ಲೆಯವರಿಗೆ ಇದನ್ನು ತಿಳಿಸಿ ಹೇಳಬೇಕಾದುದಿಲ್ಲ. ಅದು ತಾಳಮದ್ದಳೆಯೇ ಸರಿ! ವೇಷವಿಲ್ಲ, ಕುಣಿತವಿಲ್ಲ, ಅರ್ಥಧಾರಿಗಳು ಪಂಚೆ ಶಲ್ಯಗಳಲ್ಲಿ ಚಾಪೆಯ ಮೇಲೆ ಕುಳಿತು ಮಾತನಾಡುವರು, ಕೇಳುವವನು ಕುರುಕ್ಷೇತ್ರವನ್ನು ಕಾಣುವನು. ವೇಷವುಳ್ಳ ಬಯಲಾಟದಲ್ಲಿಯಾದರೂ ಇರುವದೇನು? ಹೊನ್ನಾವರದ ಗುಣವಂತೆಯಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ೧೯೩೪ರಲ್ಲಿ ಕಟ್ಟಿದ ಇಡಗುಂಜಿ ಮೇಳದ ಆಟಗಳನ್ನು ನೋಡಿ ಬೆಳೆದ ಪ್ರಾಂತ ನಮ್ಮದು. ರಂಗದ ಮೇಲೆ ಇರುವದು ಒಂದು ಪೀಠ. ಅರಸನು ಕುಳಿತರೆ ಅದು ಸಿಂಹಾಸನ, ವೀರನು ಏರಿದರೆ ರಥ, ತಪಸ್ವಿಯು ಒರಗಿದರೆ ಬಂಡೆ. ಪಾತ್ರಧಾರಿಯು ಭಾಗವತರ ಪದಕ್ಕೆ ಹೆಜ್ಜೆ ಹಾಕುತ್ತ ಒಂದು ಸುತ್ತು ಬಂದರೆ ಅಯೋಧ್ಯೆಯಿಂದ ದಂಡಕಾರಣ್ಯಕ್ಕೆ ತಲುಪಿದನು. ಭರತಮುನಿಯು ತನ್ನ ನಾಟ್ಯಶಾಸ್ತ್ರದಲ್ಲಿ ರಂಗವನ್ನು ಕಕ್ಷ್ಯೆಗಳಾಗಿ ವಿಂಗಡಿಸಿ, ಅಲ್ಲಿಯ ನಡೆದಾಟದಿಂದಲೇ ದೇಶಭೇದವನ್ನು ತಿಳಿಯಬೇಕೆಂದು ವಿಧಿಸಿದ್ದಾನೆ. ಲೋಕದಲ್ಲಿದ್ದಂತೆಯೇ ತೋರುವದು ಲೋಕಧರ್ಮಿ. ಸಂಕೇತದಿಂದ ತೋರುವದು ನಾಟ್ಯಧರ್ಮಿ. ಸಂಕೇತವನ್ನು ಪೂರ್ಣಮಾಡುವ ಹೊಣೆ ಪ್ರೇಕ್ಷಕನದು. ಆ ಹೊಣೆಯನ್ನು ಹೊರಬಲ್ಲವನೇ ಸಹೃದಯನು.

ಇದಕ್ಕೆ ಶಾಸ್ತ್ರದಲ್ಲಿ ಒಂದು ಸುಂದರವಾದ ನ್ಯಾಯವಿದೆ. ರಸವಿಚಾರ ಮಾಡಿದ ಶ್ರೀಶಂಕುಕನ ಮತವನ್ನು ಅಭಿನವಗುಪ್ತನೂ ಮಮ್ಮಟನೂ ನಮಗೆ ಉಳಿಸಿಕೊಟ್ಟಿದ್ದಾರೆ. ಅದಕ್ಕೆ ಚಿತ್ರತುರಗನ್ಯಾಯವೆಂದು ಹೆಸರು. ಗೋಡೆಯ ಮೇಲೆ ಬರೆದ ಕುದುರೆಯನ್ನು ಕಂಡು ಹುಡುಗನು "ಕುದುರೆ" ಎನ್ನುವನು. ಇದು ಯಥಾರ್ಥಜ್ಞಾನವೇ? ಅಲ್ಲ, ಅವನು ಹುಲ್ಲು ತರಲಿಕ್ಕೆ ಓಡುವದಿಲ್ಲ. ಭ್ರಮೆಯೇ? ಅಲ್ಲ, ಆಮೇಲೆ ತಿಳಿದು ನಾಚುವದಿಲ್ಲ. ಸಂದೇಹವೇ? ಅಲ್ಲ, ಕುದುರೆಯೋ ಅಲ್ಲವೋ ಎಂದು ಅವನು ತೂಗುವದಿಲ್ಲ. ಕುದುರೆಯಂತಿದೆ ಎಂಬ ಸಾದೃಶ್ಯವೇ? ಅದೂ ಅಲ್ಲ, ಅವನು "ಕುದುರೆ" ಎಂದನಲ್ಲದೆ "ಕುದುರೆಯಂತೆ" ಎನ್ನಲಿಲ್ಲ. ಈ ನಾಲ್ಕಕ್ಕೂ ಹೊರಗಾದ ಐದನೆಯ ತಿಳಿವು ಒಂದುಂಟು. ನಾಟಕ ನೋಡುವವನದು ಅಂಥ ತಿಳಿವು. ಶ್ರೀಶಂಕುಕನ ಉಳಿದ ವಾದವನ್ನು ಅಭಿನವಗುಪ್ತನು ಖಂಡಿಸಿದ್ದು ನಿಜ. ಆದರೆ ಈ ಕುದುರೆಯು ಮಾತ್ರ ಸಾವಿರ ವರ್ಷಗಳಿಂದ ಓಡುತ್ತಲೇ ಇದೆ. ಚೌಕವನ್ನು ವೀರನೆಂದು ಕಾಣುವ ಹುಡುಗನ ತಿಳಿವೂ ಇದೇ ಐದನೆಯದು.

ಇಷ್ಟನ್ನು ಓದಿ ಪರೀಕ್ಷೆಗಳಲ್ಲಿ ಉತ್ತರ ಬರೆದು, ಪ್ರಸಂಗ ಬಂದಲ್ಲಿ ಮಕ್ಕಳಿಗೂ ಪಾಠ ಹೇಳಿದವರು ನಾವು. ಈಗ ೨೦೦೧ರ ಮಾತನ್ನು ಹೇಳಿಬಿಡುವೆವು.

ಆಗ ನಮ್ಮ ಮಗನಿಗೆ ಹನ್ನೊಂದು ವರುಷ. ಅವನ ಸೋದರಮಾವನು ಆ ಯಂತ್ರವನ್ನು ಕುಮಟೆಯ ಪೇಟೆಯಿಂದ ತಂದುಕೊಟ್ಟಿದ್ದನು. ಜಪಾನಿನಲ್ಲಿ ೧೯೮೩ರಲ್ಲಿ ಹೊರಟ ಫ್ಯಾಮಿಕಾಮ್ ಎಂಬ ಯಂತ್ರದ ನಕಲುಗಳು ಆಗ ನಮ್ಮ ದೇಶದ ಪೇಟೆಗಳಲ್ಲಿ ಹೇರಳವಾಗಿ ಮಾರುತ್ತಿದ್ದವು. ಕ್ಯಾಸೆಟ್ಟಿನ ಮೇಲೆ ೯೯೯೯ ಆಟಗಳೆಂದು ಅಚ್ಚಾಗಿರುತ್ತಿತ್ತು; ಒಳಗೆ ಎಣಿಸಿದರೆ ಹತ್ತಿಪ್ಪತ್ತೇ ಆಟಗಳು ಹೆಸರು ಬದಲಿಸಿಕೊಂಡು ತಿರುತಿರುಗಿ ಬರುವವು. ಜೊತೆಗೆ ಕಥೆಯನ್ನು ತಿಳಿಸುವ ಪುಸ್ತಿಕೆಯಿಲ್ಲ, ಡಬ್ಬಿಯ ಮೇಲಿನ ಚಿತ್ರಕ್ಕೂ ಒಳಗಿನ ಆಟಕ್ಕೂ ಸಂಬಂಧವಿಲ್ಲ. ಅಮೇರಿಕೆಯ ಹುಡುಗನಿಗೆ ಯಾರೋ ಬರೆದುಕೊಟ್ಟ ಕಥೆಯಿತ್ತು. ಹೊಳನಗದ್ದೆಯ ಹುಡುಗನು ಕಥೆಯನ್ನು ತಾನೇ ಹುಟ್ಟಿಸಬೇಕಾಯಿತು.

ಅವನು ಹುಟ್ಟಿಸಿದನು. ಹಾರುತ್ತ ಹೋಗುವ ಆ ಮೀಸೆಯವನು ಯಾರು? ಹಳ್ಳಗಳನ್ನು ಲಂಘಿಸುವನು, ಏನನ್ನೋ ತಿಂದು ಒಮ್ಮೆಲೆ ದೊಡ್ಡವನಾಗುವನು, ಪೆಟ್ಟು ಬಿದ್ದರೆ ಮತ್ತೆ ಚಿಕ್ಕವನಾಗುವನು, ಕೋಟೆಯಿಂದ ಕೋಟೆಗೆ ರಾಜಕುಮಾರಿಯೊಬ್ಬಳನ್ನು ಹುಡುಕುವನು, ಪ್ರತಿಯೊಂದು ಕೋಟೆಯ ಕೊನೆಗೂ ಅವಳು ಇಲ್ಲಿಲ್ಲ, ಬೇರೆ ಕೋಟೆಯಲ್ಲಿದ್ದಾಳೆಂದು ತಿಳಿಯುವದು. ಬಯಲಾಟದಲ್ಲಿ ಲಂಕಾದಹನದ ಪ್ರಸಂಗವನ್ನು ನೋಡಿದ್ದ ಹುಡುಗನಿಗೆ ಇದರಲ್ಲಿ ಸಂದೇಹವೇ ಉಳಿಯಲಿಲ್ಲ. ಅವನು ಹನುಮಂತನು!

ಇದೆಲ್ಲವೂ ನಮಗೆ ತಿಳಿದದ್ದು ಈಗ. ಆಗ ನಮಗೆ ಕಂಡದ್ದು ಇಷ್ಟೇ: ಶಬ್ದರೂಪಗಳನ್ನು ಬರೆಯಬೇಕಾದ ಪುಸ್ತಕದ ನಡುವಿನ ಹಾಳೆಗಳಲ್ಲಿ ಹುಡುಗನು ಒಂದು ದೊಡ್ಡ ನಕಾಶೆಯನ್ನು ಬರೆದಿದ್ದನು. ನಾಲ್ಕು ಹಾಳೆಗಳನ್ನು ಅನ್ನದ ಅಂಟಿನಿಂದ ಅಂಟಿಸಿದ್ದನು. ಅದರಲ್ಲಿ ಒಂದು ಕೋಟೆ. ಅದಕ್ಕೆ ಮಿರ್ಜಾನ ಎಂದು ಹೆಸರು. ಪಕ್ಕದಲ್ಲಿ ಅಘನಾಶಿನಿ ಹೊಳೆ. ಭೂಮಿಯೊಳಗೆ ಇಳಿಯುವ ಹಸುರು ಕೊಳವೆಗಳಿಂದ ದಾರಿಗಳು ಹೊರಟು ಯಾಣದ ಬಂಡೆಗಳ ಬುಡದಲ್ಲಿ ಮೇಲೇಳುತ್ತಿದ್ದವು. ಎಲ್ಲಕ್ಕೂ ಪಶ್ಚಿಮದಲ್ಲಿ ನೀಲಿ ಪೆನ್ಸಿಲ್ಲಿನಿಂದ ತುಂಬಿದ ಸಮುದ್ರ. ಆ ಪೆನ್ಸಿಲ್ಲು ಗೇಣುದ್ದವಿದ್ದುದು ಬೆರಳುದ್ದವಾಗುವವರೆಗೆ ತುಂಬಿದ್ದನು. ಪರೀಕ್ಷೆಗೆ ಹದಿನೈದು ದಿವಸ ಉಳಿದಿತ್ತು. ನಾವು ನಕಾಶೆಯನ್ನು ಅವನ ಎದುರಿಗೇ ಹರಿದು ಬಚ್ಚಲ ಒಲೆಗೆ ಹಾಕಿದೆವು. ಯಂತ್ರವನ್ನು ಗೋಣಿಯಲ್ಲಿ ಕಟ್ಟಿದೆವು. ಹುಡುಗನು ಅಳಲಿಲ್ಲ. ರಾಮಶಬ್ದವನ್ನು ಏಳು ವಿಭಕ್ತಿಗಳಲ್ಲಿ ತಪ್ಪಿಲ್ಲದೆ ಬರೆದು ತಂದು ತೋರಿಸಿದನು. ನಮಗೆ ಸಮಾಧಾನವಾಯಿತು.

ಈ ವೈಶಾಖದಲ್ಲಿ ಮೊಮ್ಮಗಳು ಬಿಡಲಿಲ್ಲ. ಮೂವತ್ತೈದು ವರುಷದ ನಮ್ಮ ಮಗನು ಕುಮಟೆಗೆ ಹೋಗಿ ಒಂದು ತಂತಿಯನ್ನು ತಂದನು. ಕ್ಯಾಸೆಟ್ಟಿನ ಹಲ್ಲುಗಳನ್ನು ಹತ್ತಿಯಿಂದ ಒರೆಸಿದನು. ಬಾಲ್ಯದಲ್ಲಿ ಎಲ್ಲ ಹುಡುಗರೂ ಅದರೊಳಗೆ ಉಫ್ ಎಂದು ಊದುತ್ತಿದ್ದರಂತೆ. ಊದುವದರಿಂದ ಪ್ರಯೋಜನವಿಲ್ಲ, ಉಸಿರಿನ ತೇವದಿಂದ ಲೋಹವು ಕೆಡುವದು, ಹೊರಗೆ ತೆಗೆದು ಮತ್ತೆ ಕೂಡಿಸಿದ್ದರಿಂದಲೇ ಅದು ನಡೆಯುತ್ತಿತ್ತು ಎಂದು ಅವನು ಮಗಳಿಗೆ ತಿಳಿಸಿ, ಹಾಗೆ ಹೇಳಿದ ಮರುಕ್ಷಣವೇ ತಾನೂ ಒಮ್ಮೆ ಊದಿದನು. ಮೂರನೆಯ ಸಲಕ್ಕೆ ಯಂತ್ರವು ಎಚ್ಚತ್ತಿತು.

ಆದರೆ ಹೊಸ ಟೀವಿಯ ಅಗಲವಾದ ಪರದೆಯ ಮೇಲೆ ಅದು ವಿಚಿತ್ರವಾಗಿ ಕಂಡಿತು. ಹಳೆಯ ಗಾಜಿನ ಟೀವಿಯಲ್ಲಿ ಒಂದು ಚುಕ್ಕೆಯ ಬೆಳಕು ಪಕ್ಕದ ಚುಕ್ಕೆಗೆ ಸ್ವಲ್ಪ ಹರಿಯುತ್ತಿತ್ತು, ಅಂಚುಗಳು ಮೆತ್ತಗಾಗುತ್ತಿದ್ದವು. ಅಂದಿನ ಚಿತ್ರಗಾರರು ಇದನ್ನು ಬಲ್ಲವರಾಗಿ, ಆ ಮಬ್ಬನ್ನು ಲೆಕ್ಕಕ್ಕೆ ಹಿಡಿದೇ ಚುಕ್ಕೆಗಳನ್ನು ಇಡುತ್ತಿದ್ದರು. ಹಿಲಾಲಿನ ಬೆಳಕಿನಲ್ಲಿ ದೇವತೆಯಾಗಿ ತೋರುವ ವೇಷವು ವಿದ್ಯುದ್ದೀಪದ ಕೆಳಗೆ ಬಣ್ಣ ಬಳಿದ ಮುಖವಾಗಿ ತೋರುವದೆಂದು ನಮ್ಮ ಹಿರಿಯರು ಹೇಳುತ್ತಿದ್ದುದು ನಮಗೆ ನೆನಪಾಯಿತು. ಇಲ್ಲಿ ಪ್ರತಿಯೊಂದು ಚುಕ್ಕೆಯೂ ಇಟ್ಟಿಗೆಯಂತೆ ಚೂಪಾಗಿ ನಿಂತಿತ್ತು.

ಮಗನು ಹಿಡಿಕೆಯನ್ನು ಹಿಡಿದು ಸ್ವಲ್ಪ ಹೊತ್ತು ಆಡಿದನು. ಒಂದು ಕಡೆಯಲ್ಲಿ ನಿಂತನು. ಹಿಂದಕ್ಕೆ ಹೋಗಲಾರದೆ ಮತ್ತೆ ಮೊದಲಿನಿಂದ ಆರಂಭಿಸಿ ಅಲ್ಲಿಗೇ ಬಂದು ಮತ್ತೆ ನಿಂತನು. "ಇಲ್ಲಿ ಸಮುದ್ರವಿತ್ತು" ಎಂದನು. ಮೊಮ್ಮಗಳು "ಎಲ್ಲಿ ಪಪ್ಪಾ? ಬರೇ ನೀಲಿ ಗೋಡೆ ಇದೆ" ಎಂದಳು. "ಇಲ್ಲ, ಈ ಕೋಟೆಯ ಹಿಂದೆ ಇತ್ತು. ನನಗೆ ಸ್ಪಷ್ಟವಾಗಿ ನೆನಪಿದೆ" ಎಂದು ಅವನು ಪರದೆಯನ್ನೇ ನೋಡುತ್ತ ಹೇಳಿದನು.

ಆ ಸಮುದ್ರವು ಎಲ್ಲಿತ್ತೆಂಬದನ್ನು ಆ ಕೋಣೆಯಲ್ಲಿ ನಾವು ಬಲ್ಲೆವು. ಅದು ಯಂತ್ರದೊಳಗೆ ಎಂದೂ ಇರಲಿಲ್ಲ. ನಾಲ್ವತ್ತು ಕಿಲೋಬೈಟಿನಲ್ಲಿ ಅದಕ್ಕೆ ಸ್ಥಳವೂ ಇರಲಿಲ್ಲ. ಅದು ನೀಲಿ ಪೆನ್ಸಿಲ್ಲಿನಲ್ಲಿತ್ತು. ಹನ್ನೊಂದು ವರುಷದ ಹುಡುಗನ ತಲೆಯೊಳಗಿತ್ತು. ಕಾಗದವನ್ನು ನಾವು ಸುಟ್ಟೆವು, ಸಮುದ್ರವು ಸುಡಲಿಲ್ಲ. ನಾವು ಆ ರಾತ್ರಿ ಊಟವಾದ ಮೇಲೆ ಜಗಲಿಯಲ್ಲಿ ಅವನೊಡನೆ ಕುಳಿತು, ನಕಾಶೆಯನ್ನು ಹರಿದದ್ದು ತಪ್ಪಾಯಿತೆಂದು ಹೇಳಿದೆವು. ತಂದೆಯಾದವನಿಗೆ ಈ ಮಾತು ಅಷ್ಟು ಸುಲಭವಾಗಿ ಬರುವದಿಲ್ಲ; ಇಪ್ಪತ್ತನಾಲ್ಕು ವರುಷ ಹಿಡಿಯಿತು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ನನಗೆ ನೆನಪಿದೆ" ಎಂದಷ್ಟೇ ಅಂದನು. ಮತ್ತೆ ತೆಂಗಿನ ಕಾಯಿಯ ದರವನ್ನು ವಿಚಾರಿಸಿದನು.

ಇದನ್ನು ಓದಿದ ವಾಚಕರು, ಹಾಗಾದರೆ ಹಳೆಯ ಆಟಗಳು ಶ್ರೇಷ್ಠ, ಇಂದಿನವು ಕನಿಷ್ಠ, ಇಂದಿನ ಮಕ್ಕಳಿಗೆ ಕಲ್ಪನೆಯೇ ಇಲ್ಲವೆಂದು ನಾವು ತೀರ್ಪು ಕೊಡುವೆವೆಂದು ತಿಳಿಯಬಹುದು. ನಾವೂ ಹಾಗೆ ಬರೆಯಬೇಕೆಂದೇ ಕುಳಿತವರು. ಇಂದಿನ ಆಟಗಳಲ್ಲಿ ಹುಲ್ಲಿನ ಎಸಳು ಎಸಳೂ ಗಾಳಿಗೆ ಬೇರೆಬೇರೆಯಾಗಿ ಅಲುಗಾಡುವದು; ಎಲ್ಲವನ್ನೂ ಬಡಿಸಿದ ಎಲೆಯಲ್ಲಿ ಉಣ್ಣುವವನ ಕೈಗೆ ಕೆಲಸವೇನು? ಆದರೆ ಮೊಮ್ಮಗಳು ನಮ್ಮ ಈ ಪ್ರಬಂಧವನ್ನು ನಡುವೆಯೇ ಕೆಡಿಸಿದಳು. ಮರುದಿನ ಅವಳು ತನ್ನ ಆಟವನ್ನು ನಮಗೆ ತೋರಿಸಿದಳು. ಮೈನ್‌ಕ್ರಾಫ್ಟ್ ಎಂದು ಅದರ ಹೆಸರು. ೨೦೦೯ರಲ್ಲಿ ಮೊದಲು ಕಾಣಿಸಿಕೊಂಡು ೨೦೧೧ರಲ್ಲಿ ಪೂರ್ಣವಾಗಿ ಹೊರಟದ್ದು. ಅದರಲ್ಲಿಯೂ ಲೋಕವೆಲ್ಲ ಬರಿಯ ಚೌಕದ ಕಟ್ಟುಗಳು! ಇಂದಿನ ಯಂತ್ರಕ್ಕೆ ಹುಲ್ಲಿನ ಎಸಳನ್ನು ಬರೆಯುವ ಶಕ್ತಿಯಿದ್ದರೂ ಲೋಕದ ಮಕ್ಕಳು ಕೋಟಿಗಟ್ಟಲೆಯಾಗಿ ಚೌಕಗಳನ್ನೇ ಆರಿಸಿಕೊಂಡಿದ್ದಾರೆ. ಅವಳು ಅದರಲ್ಲಿ ನಮ್ಮ ಮನೆಯನ್ನು ಕಟ್ಟಿದ್ದಳು. ಜಗಲಿಯ ಮೇಲೆ ಒಂದು ಕಂದು ಕಟ್ಟು. "ಇದೇನು?" ಎಂದೆವು. "ಅಜ್ಜ ಪೇಪರು ಓದುವದು" ಎಂದಳು. ಬರಿಯ ಕಂದು ಚೌಕ, ಕನ್ನಡಕವೂ ಇಲ್ಲ. ಆದರೆ ಅದು ಇದ್ದ ಸ್ಥಳ, ಬೀದಿಗೆ ಬೆನ್ನು ಮಾಡಿ ಕಂಬಕ್ಕೆ ಒರಗಿದ ಬಗೆ, ನಿಸ್ಸಂದೇಹವಾಗಿ ನಾವೇ.

ಆದ ಕಾರಣ ನಮ್ಮ ಸಿದ್ಧಾಂತವನ್ನು ತಿದ್ದಿಕೊಂಡು ಹೇಳುವೆವು. ಕೊರತೆಯೊಂದರಿಂದಲೇ ಕಲ್ಪನೆ ಹುಟ್ಟುವದಿಲ್ಲ. ಹಾಗಿದ್ದರೆ ಕೆಟ್ಟು ನಿಂತ ಯಂತ್ರವು ಅತ್ಯುತ್ತಮವಾದ ಆಟವಾಗಬೇಕಾಗಿತ್ತು. ಧ್ವನಿಯು ಹೊರಡಬೇಕಾದರೆ ವಾಚ್ಯವು ಗಟ್ಟಿಯಾಗಿರಬೇಕೆಂಬದನ್ನು ಆನಂದವರ್ಧನನಿಂದ ಕಲಿತವರು ನಾವು. ಕಲ್ಲಿಗೆ ಹುಲಿಯ ನಡತೆ ಇರಬೇಕು; ಚೌಕಕ್ಕೆ ತಕ್ಕ ಕಟ್ಟಳೆ ಇರಬೇಕು; ಅದರ ಸುತ್ತಲೂ ಮನಸ್ಸು ಬಂದು ಕುಳಿತುಕೊಳ್ಳುವಷ್ಟು ಬಯಲು ಇರಬೇಕು. ಅಂಥ ಬಯಲು ಹಳೆಯ ಆಟಗಳಲ್ಲಿ ಬಡತನದಿಂದ ಬಂದಿತು. ಒಳ್ಳೆಯ ಹೊಸ ಆಟಗಳಲ್ಲಿ ವಿವೇಕದಿಂದ ಬರುತ್ತಿದೆ. ಹಾಗೆಂದು ಮಕ್ಕಳು ಹಗಲಿರುಳೂ ಪರದೆಯ ಮುಂದೆ ಕುಳಿತಿರಲೆಂದು ನಾವು ಎಷ್ಟು ಮಾತ್ರಕ್ಕೂ ಹೇಳುವದಿಲ್ಲ. ಊಟ, ನಿದ್ರೆ, ಓದು, ಬಯಲಿನ ಓಟ ಇವುಗಳಿಗೆ ಕುಂದಾಗದಂತೆ ಕಾಲವನ್ನು ಕಟ್ಟುಮಾಡುವದು ಹಿರಿಯರ ಕರ್ತವ್ಯವೇ ಸರಿ. ೨೦೦೧ರಲ್ಲಿ ನಾವು ಪರೀಕ್ಷೆಯವರೆಗೆ ಆಟವನ್ನು ನಿಲ್ಲಿಸಿದ್ದರೆ ಅದರಲ್ಲಿ ತಪ್ಪಿರಲಿಲ್ಲ. ನಕಾಶೆಯನ್ನು ಓದದೆ ಹರಿದದ್ದು ತಪ್ಪು.

ಗೃಹಸ್ಥರಾದ ವಾಚಕರಲ್ಲಿ ನಮ್ಮ ವಿಜ್ಞಾಪನೆಯು ಚಿಕ್ಕದು. ಮಗುವಿನ ಕೈಯಿಂದ ಆಟವನ್ನು ಕಿತ್ತುಕೊಳ್ಳುವ ಮೊದಲು ಒಂದು ಪ್ರಶ್ನೆಯನ್ನು ಕೇಳಿರಿ: "ಇದರಲ್ಲಿ ನೀನು ಯಾರು? ಈ ಗೋಡೆಯ ಆಚೆ ಏನಿದೆ?" ಪರದೆಯಲ್ಲಿ ಕಾಣುವಷ್ಟನ್ನೇ ಅದು ಹೇಳಿದರೆ ಆಟವನ್ನು ಮುಚ್ಚಿಡಬಹುದು, ನಷ್ಟವಿಲ್ಲ. ಪರದೆಯಲ್ಲಿ ಇಲ್ಲದ್ದನ್ನು ಹೇಳತೊಡಗಿದರೆ ಸ್ವಲ್ಪ ಕುಳಿತು ಕೇಳಿರಿ. ಶಬ್ದರೂಪಗಳು ನಾಳೆಯೂ ಇರುವವು.

ರಜೆ ಮುಗಿದು ಅವರು ಬೆಂಗಳೂರಿಗೆ ಹಿಂದಿರುಗಿದರು. ಹೊರಡುವ ಹಿಂದಿನ ದಿನ ತಂದೆ ಮಗಳು ಸೇರಿ ನಮ್ಮ ಹಳೆಯ ಪಂಚಾಂಗದ ಹಾಳೆಗಳ ಬೆನ್ನ ಮೇಲೆ ನಕಾಶೆಯನ್ನು ಮತ್ತೆ ಬರೆಯಲಿಕ್ಕೆ ತೊಡಗಿದ್ದರು. ಮಿರ್ಜಾನದವರೆಗೆ ಬಂದಿತ್ತು; ಸಮಯ ಸಾಲಲಿಲ್ಲ. ಅದನ್ನು ನಾವು ಸುರುಳಿ ಮಾಡಿ, ಈ ಸಲ ಅಟ್ಟದಲ್ಲಲ್ಲ, ಪುಸ್ತಕದ ಕಪಾಟಿನಲ್ಲಿ ಇಟ್ಟಿದ್ದೇವೆ. ಪಶ್ಚಿಮದ ಕಡೆ ಇನ್ನೂ ಬಿಳಿದಾಗಿಯೇ ಇದೆ. ದೀಪಾವಳಿಗೆ ಅವರು ಬರುವಷ್ಟರಲ್ಲಿ ಒಂದು ನೀಲಿ ಪೆನ್ಸಿಲ್ಲನ್ನು ತಂದಿಡಬೇಕು.